ನಾಚಿಸದೆ ತಿದ್ದುವುದು ಹೇಗೆ?

ಪ್ರಶ್ನೆ: ಏಳು ವರ್ಷದ ಮಗ ಲೋಟ ಒಡೆದು, ತಾನಲ್ಲವೆಂದು ಸುಳ್ಳು ಹೇಳಿದ. ‘ನಾಚಿಕೆಯಾಗುವುದಿಲ್ಲವೇ ನಿನಗೆ?’ ಎಂದು ಎಲ್ಲರೆದುರು ಗದರಿಬಿಟ್ಟೆ. ದಿನವೂ ಧ್ಯಾನ ಮಾಡುವವಳಾದರೂ ಅಂಥ ಕ್ಷಣದಲ್ಲಿ ತಾಳ್ಮೆ ಉಳಿಯುವುದಿಲ್ಲ. ಏನು ಮಾಡಲಿ?

ಉತ್ತರ: ಮಾಡಿದ್ದು ತಪ್ಪೆಂದು ತಿಳಿದ ಮಗು ಅದನ್ನು ಸರಿಪಡಿಸಲು ನೋಡುತ್ತದೆ, ತಾನೇ ಕೆಟ್ಟವನೆಂದು ನಂಬಿದ ಮಗು ಬಚ್ಚಿಡುವುದನ್ನು ಕಲಿಯುತ್ತದೆ, ಮುಂದಿನ ಸುಳ್ಳು ಹುಟ್ಟುವುದೂ ಬಹುಮಟ್ಟಿಗೆ ಅಲ್ಲಿಂದಲೇ. ಆವೇಗವನ್ನು ಹತೋಟಿಯಲ್ಲಿಡುವ ಮಿದುಳಿನ ಮುಂಭಾಗವು ಸುಮಾರು 25ನೇ ವಯಸ್ಸಿನವರೆಗೂ ಬೆಳೆಯುತ್ತಲೇ ಇರುವುದರಿಂದ, ಇಷ್ಟು ಎಳೆಯ ಮಗು ಎದುರಿಗಿರುವ ಹಿರಿಯರ ಶಾಂತಿಯನ್ನು ಆಧರಿಸಿಯೇ ತಾನೂ ಶಾಂತವಾಗಬೇಕಾಗುತ್ತದೆ. ಧ್ಯಾನಕ್ಕೆ ನಿಜವಾದ ಕೆಲಸವಿರುವುದು ಇಲ್ಲಿಯೇ (ಕಣ್ಣು ಮುಚ್ಚಿ ಕುಳಿತಾಗ ಯಾರಿಗೆ ತಾನೇ ಸಿಟ್ಟು ಬರುತ್ತದೆ?). ದವಡೆ ಬಿಗಿಯುತ್ತಿರುವುದು ಅರಿವಿಗೆ ಬಂದೊಡನೆ ಮಾತು ನಿಲ್ಲಿಸಿ, ಒಳಗೆಳೆದುಕೊಂಡದ್ದಕ್ಕಿಂತ ನಿಧಾನವಾಗಿ ಉಸಿರು ಬಿಡಿ, ಎದೆಬಡಿತ ತಗ್ಗತೊಡಗುತ್ತದೆ. ಬಳಿಕ ಅವನ ಎತ್ತರಕ್ಕೆ ಕುಳಿತು, ‘ಹೇಳಲು ಹೆದರಿಕೆಯಾಯಿತೇ? ಚೂರುಗಳನ್ನು ನಾನು ಆರಿಸುತ್ತೇನೆ, ಚೆಲ್ಲಿದ ನೀರನ್ನು ನೀನು ಒರೆಸು’ ಎನ್ನಿ. ನಿಯಮವನ್ನೇನೂ ಸಡಿಲಿಸಬೇಕಾಗಿಲ್ಲ, ಒರೆಸುವ ಕೆಲಸ ಅವನದೇ. ಗದರಿದ ದಿನ ನೀವಾಗಿಯೇ ಹೋಗಿ ಕ್ಷಮೆ ಕೇಳಿ, ‘ಆದರೆ ನೀನೂ ಹಾಗೆ ಮಾಡಬಾರದಿತ್ತು’ ಎಂಬ ಬಾಲವನ್ನು ಮಾತ್ರ ಅದಕ್ಕೆ ಅಂಟಿಸಬೇಡಿ.