ಬಡವರಿಗೆ ಸಹಾಯ ಮಾಡೋಕೆ ಎಂಎಸ್‌ಡಬ್ಲ್ಯೂ ಯಾಕೆ ಬೇಕು?

ಒಳ್ಳೆ ಮನಸ್ಸಿದ್ದರೆ ಸಾಲದಾ, ಅದಕ್ಕೂ ಎಂಎಸ್‌ಡಬ್ಲ್ಯೂ, ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ, ಎರಡು ವರ್ಷ ಓದಬೇಕಾ ಅಂತ ಕೇಳಿದ್ದೀರಿ. ನಮ್ಮ ಸೋದರಮಾವನೂ ಪ್ರತಿ ಮದುವೆ ಊಟದಲ್ಲಿ ಇದನ್ನೇ ಕೇಳುತ್ತಾರೆ! ಕಲಬುರಗಿಯಲ್ಲಿ ಓದಿ ಈಗ ಯಾದಗಿರಿ ಜಿಲ್ಲೆಯಲ್ಲಿ ಕೆಲಸ ಮಾಡುತ್ತಿದ್ದೇನೆ.

ಹೋದ ವರ್ಷ ಶಹಾಪುರ ಕಡೆಯ ಒಂದು ಊರಲ್ಲಿ ಒಬ್ಬ ಆಯಿ "ತಮ್ಮಾ, ರೊಕ್ಕ ಬಂದ್ ಆಗ್ಯಾದ" ಅಂತ ಪಾಸ್‌ಬುಕ್ ಹಿಡಿದು ಬಂದರು. ವಿಧವಾ ಪಿಂಚಣಿ, ಏಳು ತಿಂಗಳಿಂದ ಇಲ್ಲ. ಮಗ, ಸೊಸೆ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗಿದ್ದಾರೆ. ಊರವರು ಒಳ್ಳೆಯವರೇ, ಒಬ್ಬರು ಜೋಳ ಕೊಟ್ಟಿದ್ದರು, ಇನ್ನೊಬ್ಬರು ಐನೂರು ರೂಪಾಯಿ. ಸುಳ್ಳು ಯಾಕೆ ಹೇಳಲಿ, ನನ್ನ ಕೈಯೂ ಜೇಬಿಗೆ ಹೋಗಿತ್ತು. ಆದರೆ ಕೊಡದೆ, ಕೂತು ಕೇಳುತ್ತಾ ಹೋದೆ. ನಿಂತಿದ್ದು ಯಾವಾಗ, ಅದಕ್ಕೆ ಮುಂಚೆ ಎಲ್ಲಾದರೂ ಹೆಬ್ಬೆಟ್ಟು ಒತ್ತಿದಿರಾ? ಅರ್ಧ ಗಂಟೆ ಆದ ಮೇಲೆ ನೆನಪಾಯಿತು, ಗುಡಿ ಕಟ್ಟೆ ಮೇಲೆ ಯಾರೋ ಬಂದು ಹೊಸ ಖಾತೆ ತೆಗೆಸಿದ್ದರಂತೆ. ಅಂದರೆ ಪಿಂಚಣಿ ನಿಂತೇ ಇರಲಿಲ್ಲ. ಆಧಾರ್ ಮೇಲೆ ಬರುವ ಹಣ, ಕೊನೆಗೆ ಯಾವ ಖಾತೆಗೆ ಜೋಡಣೆ ಆಗಿದೆಯೋ ಅಲ್ಲಿಗೇ ಹೋಗುತ್ತದೆ. ಏಳು ತಿಂಗಳ ರೊಕ್ಕ ಆಯಿಗೆ ಗೊತ್ತಿಲ್ಲದ ಆ ಖಾತೆಯಲ್ಲಿ ಕೂತಿತ್ತು.

ಬೈಕ್ ಮೇಲೆ ಕರೆದುಕೊಂಡು ಹೋಗಿ ನಾನೇ ಮಾತಾಡಿ ಮುಗಿಸಬಹುದಿತ್ತು. ಮಾಡಲಿಲ್ಲ. ಬ್ಯಾಂಕಿನಲ್ಲಿ ಮಾತು ಅವರದೇ, ನಾನು ಪಕ್ಕದಲ್ಲಿ ನಿಂತಿದ್ದೆ ಅಷ್ಟೇ. ಎರಡು ಸಲ ಬೈಸಿಕೊಂಡು ಬಂದರು, ಮೂರನೇ ಸಲ ಕೆಲಸ ಆಯಿತು. ಆಮೇಲೆ ಅದೇ ಓಣಿಯಲ್ಲಿ ಇನ್ನೂ ಮೂವರದ್ದು ಇದೇ ಕಥೆ ಅಂತ ಗೊತ್ತಾಗಿ, ಸ್ವಸಹಾಯ ಸಂಘದ ಸಭೆಯಲ್ಲಿ ಆಯಿಯೇ ಎದ್ದು ಹೇಳಿದರು, ನನಗಿಂತ ಚೆನ್ನಾಗಿ.

ಸೇವೆಗೂ ಸಮಾಜಕಾರ್ಯಕ್ಕೂ ನಾನು ಕಂಡ ವ್ಯತ್ಯಾಸ ಇದೇ. ಕೈ ಜೇಬಿಗೆ ಹೋದಾಗ ತಡೆಯೋದು, ಕೇಳೋದು, ಇನ್ನೊಬ್ಬರ ಪರವಾಗಿ ನಿರ್ಧಾರ ಮಾಡದೇ ಇರೋದು, ಅವರ ಮನೆ ವಿಷಯ ಚಹಾ ಅಂಗಡಿಯಲ್ಲಿ ಆಡದಿರೋದು, ಇವೆಲ್ಲ ಕಲಿತೇ ಬರಬೇಕು. ಮೊನ್ನೆ ಮೊನ್ನೆ ಹುಟ್ಟಿದ ಕೋರ್ಸ್ ಅಂದುಕೊಳ್ಳಬೇಡಿ, ಇದನ್ನು ಕಲಿಸೋಕೆ ಮುಂಬೈಯಲ್ಲಿ 1936ರಲ್ಲೇ ಶಾಲೆ ಶುರುವಾಗಿತ್ತು, ಇವತ್ತಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಅದೇ.

ಸಂಬಳ ಮಾತ್ರ ಕೇಳಬೇಡಿ. ಪ್ರಾಜೆಕ್ಟ್ ಮುಗಿದರೆ ಕೆಲಸವೂ ಮುಗಿಯಿತು, ಬರೆಯೋ ರಿಪೋರ್ಟ್ ಬೇರೆ ಜಾಸ್ತಿ. ಆದರೂ ಸೇರುವ ಯೋಚನೆ ಇದ್ದರೆ, ವಾರಕ್ಕೆ ಎಷ್ಟು ದಿನ ಹಳ್ಳಿಗೆ ಕಳಿಸುತ್ತಾರೆ ಅಂತ ಕಾಲೇಜಿನಲ್ಲಿ ಮೊದಲೇ ಕೇಳಿ. ಫೀಲ್ಡ್‌ವರ್ಕ್ ಅಂತ ಸುಮ್ನೆ ಸಹಿ ಹಾಕಿಸಿಕೊಂಡು ಬರೋ ಕಡೆ ಸೇರಬೇಡಿ.