ತರಬೇತುದಾರರನ್ನು ಮದುವೆಯಾದರೆ ದಸರಾ ರಜೆಯಲ್ಲಿ ಜೊತೆಗೆ ಕುಳಿತು ಸಿನಿಮಾ ನೋಡಲು ಸಿಗುತ್ತದೆಯೇ?

ನಿಮಗೆ ಮದುವೆಗೆ ಗೊತ್ತಾಗಿರುವ ಹುಡುಗ ಕಬಡ್ಡಿ ತರಬೇತುದಾರರು. ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ ಭಾನುವಾರವೂ ಕೈಗೆ ಸಿಗುವುದಿಲ್ಲ ಎಂದು ಅವರೇ ಮುಂಚಿತವಾಗಿ ಹೇಳಿದ್ದಾರೆ. ನಿಮಗೋ ಮಳೆ ಹಿಂದಾಗಿ ಚಳಿ ಕಾಲಿಡುವ ಆ ದಿನಗಳಲ್ಲಿ ಮನೆಯಲ್ಲೇ ಕುಳಿತು ಸಿನಿಮಾ ನೋಡುವುದೆಂದರೆ ಪ್ರಾಣ. ಇವೆರಡೂ ಹೊಂದುತ್ತವೆಯೇ ಎಂದು ಕೇಳಿದ್ದೀರಿ. ನಾನು ಖೋ ಖೋ ತರಬೇತುದಾರರ ಹೆಂಡತಿ, ಊರು ಮೈಸೂರು, ಕೆಲಸ ಒಂದು ಸಹಕಾರ ಬ್ಯಾಂಕಿನಲ್ಲಿ. ಉತ್ತರ ಹೇಳುವ ಯೋಗ್ಯತೆ ಇದೆ ಎಂದುಕೊಂಡಿದ್ದೇನೆ.

ಸಿಗುತ್ತದೆ. ಆದರೆ ಅದಕ್ಕೆ ಮಳೆ ಬರಬೇಕು.

ತಮಾಷೆಗೆ ಹೇಳುತ್ತಿಲ್ಲ. ಸೆಪ್ಟೆಂಬರ್ ಕೊನೆಗೆ ಹಸ್ತ ಮಳೆ, ಅಕ್ಟೋಬರ್ ನಡುವಿನಲ್ಲಿ ಚಿತ್ತಾ, ತಿಂಗಳು ಮುಗಿಯುವ ಹೊತ್ತಿಗೆ ಸ್ವಾತಿ. ಸಂಜೆ ನಾಲ್ಕಕ್ಕೆ ಚಾಮುಂಡಿ ಬೆಟ್ಟದ ಕಡೆ ಮೋಡ ಕಪ್ಪಾದರೆ ನಾನು ಬ್ಯಾಂಕಿನ ಕಿಟಕಿಯಿಂದ ನೋಡಿ ಒಳಗೊಳಗೇ ಹಿಗ್ಗುತ್ತೇನೆ. ಅದೇ ಮೋಡವನ್ನು ಮೈದಾನದಲ್ಲಿ ನಿಂತು ನೋಡುವ ನಮ್ಮವರು ಹಲ್ಲು ಕಡಿಯುತ್ತಾರೆ. ಅವರದು ಮಣ್ಣಿನ ಅಂಕಣ. 27 ಮೀಟರ್ ಉದ್ದ, 16 ಮೀಟರ್ ಅಗಲ, ಎರಡು ತುದಿಗೂ ಒಂದೊಂದು ಕಂಬ. ಬೆನ್ನಟ್ಟುವ ಹುಡುಗಿ ಆ ಕಂಬವನ್ನು ಒಂದು ಕೈಯಲ್ಲಿ ಹಿಡಿದು ಇಡೀ ಮೈಯನ್ನು ಆಚೆಗೆ ಚಾಚುತ್ತಾಳೆ. ನೆಲ ಒದ್ದೆಯಾಗಿದ್ದರೆ ಪಾದ ಜಾರಿ ಮಂಡಿ ತಿರುಚಿಕೊಳ್ಳುತ್ತದೆ, ಆ ಹುಡುಗಿಯ ಆ ವರ್ಷದ ಆಟ ಅಲ್ಲಿಗೆ ಮುಗಿಯಿತು. ಹಾಗಾಗಿ ಜೋರು ಮಳೆಯಾದರೆ ಅಭ್ಯಾಸ ಬಂದ್. ಆರೂವರೆಗೆ ಇವರು ಮನೆಯಲ್ಲಿರುತ್ತಾರೆ, ಏಳಕ್ಕೆ ನಮ್ಮ ಸಿನಿಮಾ.

ಈಗ ದೊಡ್ಡ ಪಂದ್ಯಗಳು ಮ್ಯಾಟ್ ಮೇಲೆ ನಡೆಯುತ್ತವೆ. ನಿಮ್ಮವರು ಒಳಾಂಗಣದಲ್ಲಿ ಮ್ಯಾಟ್ ಹಾಸಿ ಅಭ್ಯಾಸ ಮಾಡಿಸುವವರಾದರೆ ವರುಣನ ಸಹಾಯವೂ ನಿಮಗಿಲ್ಲ. ಜಾತಕಕ್ಕಿಂತ ಮೊದಲು ಇದನ್ನು ವಿಚಾರಿಸಿಕೊಳ್ಳಿ.

ಅವರು ಹೇಳಿದ ಆಗಸ್ಟ್‌–ಡಿಸೆಂಬರ್ ಲೆಕ್ಕ ಸುಳ್ಳಲ್ಲ. ಶಾಲಾ ಕ್ರೀಡಾಕೂಟಗಳು ಹೋಬಳಿಯಿಂದ ಹೊರಟು ತಾಲ್ಲೂಕು, ಜಿಲ್ಲೆ, ವಿಭಾಗ ದಾಟಿ ರಾಜ್ಯ ಮಟ್ಟಕ್ಕೆ ಹೋಗುತ್ತವೆ. ಗೆದ್ದ ತಂಡ ಮುಂದಕ್ಕೆ ಹೋಗುತ್ತದೆ, ತರಬೇತುದಾರರು ಅದರ ಹಿಂದೆಯೇ ಚೀಲ ಹೊತ್ತು ಹೋಗುತ್ತಾರೆ. ಇದರ ನಡುವೆ ದಸರಾ ಕ್ರೀಡಾಕೂಟ ಬೇರೆ. ಅದು ನಮ್ಮೂರಿನ ಚಾಮುಂಡಿ ವಿಹಾರ ಕ್ರೀಡಾಂಗಣದಲ್ಲೇ ನಡೆಯುವುದರಿಂದ ಬೇರೆ ಜಿಲ್ಲೆಯ ತರಬೇತುದಾರರೂ ಊಟಕ್ಕೆ ನಮ್ಮ ಮನೆಗೇ ಬರುತ್ತಾರೆ. ಊರಿಗೆ ಊರೇ ದೀಪಾಲಂಕಾರ ನೋಡಲು ಹೊರಟಾಗ ನಮ್ಮ ಮನೆಯಲ್ಲಿ ಯಾವ ವಿಭಾಗದ ತಂಡ ಯಾವ ಗುಂಪಿನಲ್ಲಿದೆ ಎಂಬ ಚರ್ಚೆ ನಡೆಯುತ್ತಿರುತ್ತದೆ. ಇನ್ನು ರಜೆ. ನಿಮ್ಮ ಪಾಲಿಗೆ ಅದು ರಜೆ. ತರಬೇತುದಾರರಿಗೆ ಮಕ್ಕಳು ಶಾಲೆಗೆ ಹೋಗಬೇಕಿಲ್ಲದ ದಿನ, ಅಂದರೆ ಬೆಳಿಗ್ಗೆ ಐದೂವರೆಗೂ ಸಂಜೆ ನಾಲ್ಕಕ್ಕೂ ಎರಡು ಹೊತ್ತು ಅಭ್ಯಾಸ ಮಾಡಿಸಬಹುದಾದ ದಿನ. ನಮ್ಮ ಅತ್ತೆಗೆ ಇದು ಇವತ್ತಿಗೂ ಅರ್ಥವಾಗಿಲ್ಲ. ಮಗ ಪಿ.ಟಿ. ಮೇಷ್ಟ್ರು, ಮೇಷ್ಟ್ರಿಗೆ ದಸರಾ ರಜೆ ಇರುತ್ತದೆ, ಮತ್ತೆ ಇವನೇಕೆ ಮನೆಯಲ್ಲಿಲ್ಲ ಎಂದು ನನ್ನನ್ನು ಕೇಳುತ್ತಾರೆ. ದೈಹಿಕ ಶಿಕ್ಷಕರು ಬೇರೆ, ತರಬೇತುದಾರರು ಬೇರೆ, ಇವರು ಪಟಿಯಾಲದ ಕ್ರೀಡಾ ಸಂಸ್ಥೆಯಲ್ಲಿ ತರಬೇತಿಯ ಡಿಪ್ಲೊಮಾ ಮಾಡಿ ಬಂದವರು ಎಂದು ಹೇಳಿ ಹೇಳಿ ನನಗೆ ಸಾಕಾಗಿದೆ.

ಹಣದ ಮಾತು ಚುಟುಕಾಗಿ ಹೇಳಿಬಿಡುತ್ತೇನೆ. ಕಾಯಂ ನೌಕರಿಯೋ ಗುತ್ತಿಗೆಯೋ ಕೇಳಿ. ಗುತ್ತಿಗೆಯಾದರೆ ಸಂಬಳ ತಡವಾಗುವ ತಿಂಗಳುಗಳಿರುತ್ತವೆ, ಮನೆಯ ಇನ್ನೊಂದು ಸಂಬಳ ಗಟ್ಟಿಯಾಗಿರಬೇಕು. ಬಸ್ ಚಾರ್ಜಿಲ್ಲದ ಹುಡುಗಿಗೆ ಇವರು ಜೇಬಿನಿಂದ ಕೊಡುವ ದುಡ್ಡೂ ಆ ಸಂಬಳದಲ್ಲೇ ಬರಬೇಕು. ಅದಕ್ಕೆ ನಾನು ಲೆಕ್ಕ ಕೇಳುವುದಿಲ್ಲ. ಬ್ಯಾಂಕಿನಲ್ಲಿ ಇಡೀ ದಿನ ಲೆಕ್ಕ ಕೇಳುವವಳಿಗೆ ಮನೆಯಲ್ಲೂ ಅದೇ ಬೇಡ.

ಸಿನಿಮಾಕ್ಕೆ ಬರುತ್ತೇನೆ, ನೀವು ನಿಜವಾಗಿ ಕೇಳಿದ್ದು ಅದನ್ನೇ ಅಲ್ಲವೇ?

ಮೊದಲನೆಯದಾಗಿ, ಒಂದೇ ಸಲ ಕೂತು ಇಡೀ ಸಿನಿಮಾ ಎಂಬ ಆಸೆ ಬಿಟ್ಟುಬಿಡಿ. ನಮ್ಮ ಮನೆಯಲ್ಲಿ ಮಧ್ಯಂತರ ಎಂದರೆ ಒಂದು ವಾರ. ಮಂಗಳವಾರ ಅರ್ಧ ನೋಡಿದ್ದನ್ನು ಮುಂದಿನ ಮಳೆಗೆ ಮುಗಿಸುತ್ತೇವೆ. ಆದ್ದರಿಂದ ಕಥೆಯ ಎಳೆ ನೆನಪಿನಲ್ಲಿ ಉಳಿಯುವ, ಮತ್ತೆ ಮತ್ತೆ ನೋಡಿದರೂ ಸವೆಯದ ಸಿನಿಮಾಗಳನ್ನು ಆರಿಸಿಕೊಳ್ಳಿ. ನವರಾತ್ರಿಗೆ ನಮ್ಮದು 'ಆಪ್ತಮಿತ್ರ'. ಕಾರಣ ನಿಮಗೂ ಗೊತ್ತಿರಬಹುದು: ನಾಗವಲ್ಲಿಯ ಆಟವೆಲ್ಲ ದುರ್ಗಾಷ್ಟಮಿಯ ರಾತ್ರಿಗೆ ಬಂದು ನಿಲ್ಲುತ್ತದೆ. ಬಿಡುಗಡೆಯಾದದ್ದು 2004ರ ಆಗಸ್ಟ್‌ನಲ್ಲಿ, ಸೌಂದರ್ಯ ಏಪ್ರಿಲ್‌ನಲ್ಲೇ ತೀರಿಕೊಂಡಿದ್ದರು. ಪ್ರತಿ ಸಲ ನೋಡುವಾಗಲೂ ಯಾರಾದರೊಬ್ಬರು ಅದನ್ನು ಹೇಳಿಯೇ ಹೇಳುತ್ತಾರೆ.

ಹೋದ ನವರಾತ್ರಿಯಲ್ಲಿ ಅದನ್ನು ನೋಡುತ್ತಾ ಗೊಂಬೆ ಕೂರಿಸಿದ್ದ ಮನೆಯಿಂದ ಬಂದ ಕಡಲೆಕಾಳಿನ ಉಸಲಿ ತಿನ್ನುತ್ತಿದ್ದೆವು. ನಾನು ಪರದೆ ನೋಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿ ಚಮಚದ ಸದ್ದು ನಿಂತಿತು. ತಿರುಗಿ ನೋಡಿದರೆ ಇವರು ತಟ್ಟೆಯ ಅಂಚಿಗೆ ಕೊಬ್ಬರಿ ಸರಿಸಿ ನಡುವೆ ಎಂಟು ಕಾಳುಗಳನ್ನು ಸಾಲಾಗಿ ಇಟ್ಟಿದ್ದಾರೆ, ಮೊಳಕೆಯ ಮೂಗು ಒಂದರದು ಈ ಕಡೆ, ಮುಂದಿನದರದು ಆ ಕಡೆ. ಖೋ ಖೋದಲ್ಲಿ ಬೆನ್ನಟ್ಟುವವರು ಕೂರುವುದು ಹಾಗೆಯೇ. ಒಂಬತ್ತನೆಯ ಕಾಳನ್ನು ಬೆರಳಲ್ಲಿ ಹಿಡಿದು ಸಾಲಿನ ಸುತ್ತ ಓಡಿಸುತ್ತಿದ್ದಾರೆ, ಓಡುವವಳ ಪಾತ್ರಕ್ಕೆ ಕರಿದ ಒಣಮೆಣಸಿನಕಾಯಿ ಬಂದಿದೆ. ನಾಲ್ಕನೆಯ ಚೌಕದಲ್ಲಿ ಕೂತ ಹುಡುಗಿ ಖೋ ಸಿಕ್ಕ ಮೇಲೆ ಎದ್ದೇಳಲು ತಡ ಮಾಡುತ್ತಾಳೆ, ಅಲ್ಲೇ ಸರಪಳಿ ಕಡಿಯುತ್ತಿದೆ ಎಂದರು. ಪರದೆಯ ಮೇಲೆ ವಿಷ್ಣುವರ್ಧನ್ ಮಹಡಿ ಹತ್ತುತ್ತಿದ್ದರು. ನಾನು ಆ ನಾಲ್ಕನೆಯ ಕಾಳನ್ನು ಎತ್ತಿ ಬಾಯಿಗೆ ಹಾಕಿಕೊಂಡು, ಆಯಿತು, ಬದಲಿ ಆಟಗಾರ್ತಿಯನ್ನು ಇಳಿಸಿ, ಈಗ ಸಿನಿಮಾ ನೋಡಿ ಎಂದೆ. ಇವರು ಒಂದು ಗಳಿಗೆ ಪಿಳಿಪಿಳಿ ನೋಡಿ, ಮರುದಿನ ನಿಜವಾಗಿಯೂ ಆ ಚೌಕಕ್ಕೆ ಬೇರೆಯವಳನ್ನು ಕೂರಿಸಿದರು.

ನನ್ನ ಅನುಭವದಲ್ಲಿ ಕಷ್ಟವೆಂದರೆ ಇದು. ಅವರು ಮನೆಯಲ್ಲಿ ಇಲ್ಲದಿರುವುದಕ್ಕೆ ಹೇಗೋ ಒಗ್ಗಿಕೊಳ್ಳಬಹುದು, ನಮಗೂ ಕೆಲಸ, ಗೆಳತಿಯರು, ತವರು ಇರುತ್ತದೆ. ಮನೆಯಲ್ಲಿ ಕುಳಿತೂ ಮೈದಾನದಲ್ಲಿರುವವರ ಜೊತೆ ಬಾಳುವುದಕ್ಕೆ ಬೇರೆಯದೇ ತಾಳ್ಮೆ ಬೇಕು. ಹೆಚ್ಚು ಹೊತ್ತು ಕೊಡಿ ಎಂದು ನಾನು ಜಗಳವಾಡುವುದಿಲ್ಲ, ಅದು ಅವರ ಕೈಯಲ್ಲಿಲ್ಲ. ಕೊಟ್ಟ ಹೊತ್ತನ್ನು ಪೂರ್ತಿ ಕೊಡಿ ಎಂದು ಮಾತ್ರ ಆಡುತ್ತೇನೆ. ಸಿನಿಮಾ ಹೊತ್ತಿನಲ್ಲಿ ಮೊಬೈಲ್ ಅಡುಗೆಮನೆಯ ಕಪಾಟಿನ ಮೇಲಿರುತ್ತದೆ. ಕ್ರೀಡಾ ವಸತಿ ನಿಲಯದ ವಾರ್ಡನ್ ಕರೆಗೆ ಮಾತ್ರ ಬೇರೆ ರಿಂಗ್‌ಟೋನ್ ಇಟ್ಟಿದ್ದೇವೆ. ಅದು ಕೇಳಿದರೆ ನಾನೇ ಎದ್ದು ಹೋಗಿ ತಂದುಕೊಡುತ್ತೇನೆ. ಬೇರೆಯವರ ಮಕ್ಕಳ ಜವಾಬ್ದಾರಿ, ಹುಡುಗಾಟವಲ್ಲ.

ಸೋತು ಬಂದ ಸಂಜೆ ಸಿನಿಮಾದ ಮಾತೆತ್ತಬೇಡಿ. ಏನಾಯಿತು ಎಂದೂ ಕೇಳಬೇಡಿ. ಅನ್ನ ಸಾರು ಬಡಿಸಿ ಸುಮ್ಮನಿರಿ, ಮಜ್ಜಿಗೆ ಹೊತ್ತಿಗೆ ತಾವಾಗಿಯೇ ಬಾಯಿ ಬಿಡುತ್ತಾರೆ. ಆಗ ತೀರ್ಪುಗಾರರನ್ನು ಬೈದರೆ ಹ್ಞೂಂ ಅನ್ನಿ, ಹುಡುಗಿಯರನ್ನು ಬೈದರೆ ಮಾತ್ರ ತಡೆಯಿರಿ.

ಕ್ರೀಡೆಯ ಸಿನಿಮಾಗಳನ್ನು ಇವರೊಂದಿಗೆ ನೋಡುವುದು ಒಂದು ಶಿಕ್ಷೆ, ಒಂದು ಮೋಜು. ಓಟದ ದೃಶ್ಯ ಬಂದರೆ ಸಾಕು, ರಿಮೋಟ್ ಕಿತ್ತುಕೊಂಡು ನಿಲ್ಲಿಸಿ, ಈ ನಟ ಹಿಮ್ಮಡಿ ಊರಿ ಓಡುತ್ತಿದ್ದಾನೆ, ಇವನು ರಾಷ್ಟ್ರೀಯ ಮಟ್ಟದವನಂತೆ ಎನ್ನುತ್ತಾರೆ. ನನ್ನ ತಕರಾರು ಬೇರೆ. 2007ರ 'ಚಕ್ ದೇ ಇಂಡಿಯಾ' ನೆನಪಿಸಿಕೊಳ್ಳಿ. ಅದರ ಹಾಕಿ ತರಬೇತುದಾರ ಕಬೀರ್ ಖಾನ್‌ಗೆ ತಾಯಿ ಇದ್ದಾರೆ, ಹೆಂಡತಿ ಕಾಣುವುದಿಲ್ಲ. ತರಬೇತುದಾರ ರಾತ್ರಿಯೆಲ್ಲ ಫಲಕದ ಮೇಲೆ ಗೀಟು ಹಾಕಿದರೆ ಸಿನಿಮಾದಲ್ಲಿ ಅದು ತಪಸ್ಸು. ಮನೆಯಲ್ಲಿ ಒಬ್ಬಳು ದೀಪ ಆರಿಸಿ ಮಲಗಲು ಕಾಯುತ್ತಿದ್ದರೆ ಅದರ ಬಣ್ಣವೇ ಬೇರೆ. ಕಥೆ ಬರೆಯುವವರಿಗೆ ಹೆಂಡತಿ ಇಲ್ಲದ ತರಬೇತುದಾರ ಅನುಕೂಲ.

ಆ ದೃಷ್ಟಿಯಿಂದ 2024ರ 'ಮೈದಾನ್' ನನಗೆ ಹಿಡಿಸಿತು. ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್ ಅವರ ಕಥೆ. ಅಜಯ್ ದೇವಗನ್ ರಹೀಮ್, ನಮ್ಮ ಬೆಂಗಳೂರಿನಲ್ಲಿ ಬೆಳೆದ ಪ್ರಿಯಾಮಣಿ ಅವರ ಹೆಂಡತಿ. ರಹೀಮ್ ಅವರು 1950ರಿಂದ ತೀರಿಕೊಳ್ಳುವವರೆಗೆ ಭಾರತ ಫುಟ್‌ಬಾಲ್ ತಂಡವನ್ನು ಪಳಗಿಸಿದವರು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ, 1962ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ ದಕ್ಷಿಣ ಕೊರಿಯಾ ವಿರುದ್ಧ 2–1ರಿಂದ ಚಿನ್ನ. ಆಗಲೇ ಅವರಿಗೆ ಕ್ಯಾನ್ಸರ್ ಇತ್ತು, ಮರುವರ್ಷ ತೀರಿಕೊಂಡರು. ಇದನ್ನು ನೋಡುವಾಗ ನಮ್ಮವರು ಒಂದೇ ಸಲ ನಿಲ್ಲಿಸಿದ್ದು, ಅದೂ ಹೊಗಳುವುದಕ್ಕೆ. ರಕ್ಷಣಾ ಆಟಗಾರ ಜರ್ನೈಲ್ ಸಿಂಗ್ ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಿಸಿಕೊಂಡಿದ್ದರು. ರಹೀಮ್ ಈ ಆಟಗಾರನನ್ನು ಹೊರಗಿಡದೆ ಮುಂಚೂಣಿಗೆ ಕಳಿಸಿದರು, ಫೈನಲ್‌ನಲ್ಲಿ ಎರಡು ಗೋಲುಗಳ ಪೈಕಿ ಒಂದನ್ನು ಅವರೇ ಹೊಡೆದರು. ಅಂಥ ನಿರ್ಧಾರ ತೆಗೆದುಕೊಳ್ಳುವ ಹಿಂದಿನ ರಾತ್ರಿ ಆ ಮನುಷ್ಯ ನಿದ್ದೆ ಮಾಡಿರುವುದಿಲ್ಲ ಎಂದರು ಇವರು. ಪಕ್ಕದಲ್ಲಿ ಇದ್ದಿದ್ದರೆ ಹೆಂಡತಿಯೂ ಮಾಡುತ್ತಿರಲಿಲ್ಲ ಎಂದೆ ನಾನು.

ರಿಮೋಟ್ ಮುಟ್ಟದೆ ಇವರು ಕೊನೆಯವರೆಗೂ ಕೂರುವ ಸಿನಿಮಾ 'ಬೆಳದಿಂಗಳ ಬಾಲೆ'. 1995ರದು, ಸುನೀಲ್ ಕುಮಾರ್ ದೇಸಾಯಿ ನಿರ್ದೇಶನ. ಅನಂತನಾಗ್ ಅದರಲ್ಲಿ ಚೆಸ್ ಗ್ರ್ಯಾಂಡ್‌ಮಾಸ್ಟರ್, ಫೋನಿನಲ್ಲಿ ಕೇಳಿದ ದನಿಯ ಜಾಡು ಹಿಡಿದು ಹುಡುಗಿಯನ್ನು ಹುಡುಕುತ್ತಾರೆ. ನಾಯಕ ಕ್ರೀಡಾಪಟುವೂ ಹೌದು, ಓಡುವುದೂ ಇಲ್ಲ, ತಪ್ಪು ಹುಡುಕಲು ಇವರಿಗೆ ಏನೂ ಸಿಗುವುದಿಲ್ಲ. ಮದುವೆಯ ಮೊದಲ ವರ್ಷಕ್ಕೆ ನಿಮಗೂ ಇದನ್ನೇ ಹೇಳುತ್ತೇನೆ.

ಒಮ್ಮೊಮ್ಮೆ ಸಿನಿಮಾಗಿಂತ ದೊಡ್ಡದು ಟಿ.ವಿ.ಯಲ್ಲಿ ಬಂದುಬಿಡುತ್ತದೆ. 2025ರ ಜನವರಿ 19ರಂದು ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ಫೈನಲ್. ನಮ್ಮ ಮಹಿಳೆಯರು ನೇಪಾಳವನ್ನು 78–40ರಿಂದ ಸೋಲಿಸಿದರು. ಆ ತಂಡದಲ್ಲಿ ನಮ್ಮ ತಿ.ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ದರು. ಪಕ್ಕದ ತಾಲ್ಲೂಕಿನ ಹುಡುಗಿ! ಪಂದ್ಯ ಮುಗಿದ ಮೇಲೆ ಇವರು ಅದನ್ನೇ ಮತ್ತೆ ಹಾಕಿಸಿಕೊಂಡು, ಸ್ಟಾಪ್‌ವಾಚ್ ಹಿಡಿದು, ಯಾವ ಬ್ಯಾಚ್, ಅಂದರೆ ಒಟ್ಟಿಗೆ ಓಡಲು ಇಳಿಯುವ ಮೂವರು, ಎಷ್ಟು ಸೆಕೆಂಡ್ ಉಳಿಯಿತು ಎಂದು ಲೆಕ್ಕ ಹಾಕಿದರು. ನಾನು ಬರೆಯುವ ಕೆಲಸಕ್ಕೆ ಕುಳಿತಿದ್ದೆ. ನಿಮಗೂ ನಿಮ್ಮವರ ಕಬಡ್ಡಿಯ ಒಳಸುಳಿ ಒಂದಿಷ್ಟು ತಿಳಿದಿದ್ದರೆ ಇಂಥ ರಾತ್ರಿಗಳು ಬೇಸರ ತರಿಸುವುದಿಲ್ಲ. ಬೋನಸ್ ಗೆರೆ ಯಾವುದು, ಒಂದು ರೇಡ್‌ಗೆ ಮೂವತ್ತು ಸೆಕೆಂಡ್ ಯಾಕೆ, ಇವನ್ನೆಲ್ಲ ಈಗಲೇ ಕೇಳಿಟ್ಟುಕೊಳ್ಳಿ. ನಿಶ್ಚಿತಾರ್ಥ ಮತ್ತು ಮದುವೆಯ ನಡುವೆ ಮಾತಿಗೆ ವಿಷಯವೂ ಆಯಿತು.

ಇನ್ನೊಂದು ಮಾತು, ಇದು ತುರ್ತು. ಮುಹೂರ್ತ ಇನ್ನೂ ಇಟ್ಟಿಲ್ಲವಾದರೆ ಹಿರಿಯರಿಗೆ ಮಾಘ ಮಾಸ ಕೇಳಿ. ಫೆಬ್ರುವರಿಯಲ್ಲಿ ಮಕ್ಕಳಿಗೆ ಪರೀಕ್ಷೆಯ ಚಿಂತೆ, ಮೈದಾನ ಖಾಲಿ, ತರಬೇತುದಾರರೂ ಖಾಲಿ. ಮೇ ತಿಂಗಳಿಗೆ ಒಪ್ಪಬೇಡಿ, ಬೇಸಿಗೆ ಶಿಬಿರ ಇರುತ್ತದೆ. ಕಾರ್ತಿಕಕ್ಕಂತೂ ಬೇಡವೇ ಬೇಡ. ನಮ್ಮದು ಕಾರ್ತಿಕದಲ್ಲಾಯಿತು. ಜಿಲ್ಲಾ ಮಟ್ಟದ ಪಂದ್ಯ ಮುಗಿಸಿಕೊಂಡು ಹುಡುಗಿಯರು ನೇರ ಛತ್ರಕ್ಕೇ ಬಂದರು. ಆರತಕ್ಷತೆಯ ಫೋಟೊಗಳಲ್ಲಿ ಹೆಣ್ಣಿನ ಕಡೆಯವರೆಲ್ಲ ರೇಷ್ಮೆ ಸೀರೆಯಲ್ಲಿದ್ದಾರೆ, ಗಂಡಿನ ಕಡೆಯವರು ಅರ್ಧಕ್ಕರ್ಧ ಟ್ರ್ಯಾಕ್ ಸೂಟ್‌ನಲ್ಲಿ.