ಓದುಗರ ಪ್ರಶ್ನೆ, ನಮ್ಮ ಉತ್ತರ: ಎರಡು ಸಿಮ್ಮಿನ ಫೋನು, ಕೈಗೆಟುಕುವ ರೊಕ್ಕ

ಹದಿನೈದು ಸಾವಿರ ರೂಪಾಯಿಯೊಳಗಿನ ಎರಡು ಸಿಮ್ ಫೋನುಗಳ ಬಗ್ಗೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಹೆಚ್ಚಿನವರು ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಇರಬೇಕೆಂದು ಕೇಳಿದ್ದಾರೆ. ನಾವು ಮೊದಲು ಕೇಳುವುದು ಬೇರೆ: ನಿಮ್ಮ ಎರಡು ಸಿಮ್ ಯಾವ ಕಂಪನಿಯವು, ನೀವು ದಿನವೂ ಓಡಾಡುವ ಜಾಗದಲ್ಲಿ ಅವು ಎಷ್ಟು ಹಿಡಿಯುತ್ತವೆ? ಅದು ಗೊತ್ತಾದರೆ ಅಂಗಡಿಯ ಅರ್ಧ ಫೋನುಗಳು ತಾವಾಗಿಯೇ ಪಕ್ಕಕ್ಕೆ ಸರಿಯುತ್ತವೆ.

ಊರಲ್ಲಿ ಜಿಯೋ ಚೆನ್ನಾಗಿ ಬರುತ್ತದೆ, ತೋಟದಲ್ಲಿ ಬಿಎಸ್‌ಎನ್‌ಎಲ್ ಒಂದೇ ಹಿಡಿಯುತ್ತದೆ. ಬ್ಯಾಂಕಿಗೆ ಕೊಟ್ಟ ನಂಬರೂ ಬಿಎಸ್‌ಎನ್‌ಎಲ್‌ನದೇ. ಮೆಮರಿ ಕಾರ್ಡ್ ಕೂಡ ಹಾಕಬೇಕು. ಹನ್ನೆರಡು ಸಾವಿರದೊಳಗೆ ಎಂಥ ಫೋನ್ ತೆಗೆದುಕೊಳ್ಳಲಿ?
– ದ್ರಾಕ್ಷಿ ಬೆಳೆಗಾರರು, ತಿಕೋಟಾ

ಬಿಎಸ್‌ಎನ್‌ಎಲ್‌ನಿಂದಲೇ ಶುರು ಮಾಡೋಣ, ಲೆಕ್ಕ ತಪ್ಪುವುದು ಅಲ್ಲಿಯೇ. ಅದರ 4ಜಿ ಮುಖ್ಯವಾಗಿ 700 ಮತ್ತು 2100 ಮೆಗಾಹರ್ಟ್ಸ್‌ನಲ್ಲಿ ನಡೆಯುತ್ತದೆ. ಫೋನಿನ ವಿವರಪಟ್ಟಿಯಲ್ಲಿ ಇವು ಬ್ಯಾಂಡ್ 28 ಮತ್ತು ಬ್ಯಾಂಡ್ 1. ಬ್ಯಾಂಡ್ 1 ಬಹುತೇಕ ಎಲ್ಲ ಫೋನಿನಲ್ಲಿದೆ. 28 ಮಾತ್ರ ಅಗ್ಗದ ಹಲವು ಫೋನುಗಳಲ್ಲಿ ಇರುವುದಿಲ್ಲ. ಟವರಿನಿಂದ ದೂರವಿರುವ ತೋಟಕ್ಕೆ ಬಂದು ಮುಟ್ಟುವುದು ಈ 700ರ ಅಲೆಯೇ. ಮೆಗಾಹರ್ಟ್ಸ್ ಕಡಿಮೆಯಾದಷ್ಟೂ ಅಲೆ ದೂರ ಹೋಗುತ್ತದೆ, ಗೋಡೆಯನ್ನೂ ಸುಲಭವಾಗಿ ದಾಟುತ್ತದೆ. ಪಟ್ಟಿ ಓದುವಾಗ ಒಂದು ಎಚ್ಚರ: 5ಜಿ ಸಾಲಿನಲ್ಲಿ ‘ಎನ್28’ ಎಂದಿರುವುದನ್ನು ನೋಡಿ ಸಮಾಧಾನಪಡಬೇಡಿ. ಅದು ಜಿಯೋದ 5ಜಿಗೆ ಉಪಯೋಗ. ನಿಮಗೆ 4ಜಿ ಸಾಲಿನಲ್ಲೇ 28 ಎಂಬ ಅಂಕಿ ಕಾಣಬೇಕು. ಪೆಟ್ಟಿಗೆಯ ಮೇಲೆ ಇದು ಇಲ್ಲದಿದ್ದರೆ ಕಂಪನಿಯ ವೆಬ್‌ಸೈಟಿನಲ್ಲಿ ಅದೇ ಮಾದರಿಯ ಪುಟ ತೆಗೆಸಿ ನೋಡಿ. ಒಂದೇ ಹೆಸರಿನ 4ಜಿ ಮತ್ತು 5ಜಿ ಮಾದರಿಗಳ ಬ್ಯಾಂಡುಗಳು ಬೇರೆ ಬೇರೆ ಇರುತ್ತವೆ. ಜಿಯೋ 4ಜಿಯ ಬ್ಯಾಂಡ್ 3, 5, 40 ಇಲ್ಲಿ ಮಾರುವ ಫೋನುಗಳಲ್ಲಿ ಇದ್ದೇ ಇರುತ್ತವೆ, ಅದರ ಚಿಂತೆ ಬೇಡ.

ನಿಮ್ಮ ಬಿಎಸ್‌ಎನ್‌ಎಲ್ ಸಿಮ್ ಹಳೆಯದಾದರೆ ಅದು 2ಜಿ ಅಥವಾ 3ಜಿ ಸಿಮ್ ಆಗಿರಬಹುದು. ಎಂಥ ಫೋನ್ ತಂದರೂ ಅದರಲ್ಲಿ 4ಜಿ ಬರುವುದಿಲ್ಲ. ಆಧಾರ್ ಹಿಡಿದುಕೊಂಡು ಗ್ರಾಹಕ ಸೇವಾ ಕೇಂದ್ರಕ್ಕೆ ಹೋಗಿ ಅದೇ ನಂಬರಿಗೆ 4ಜಿ ಸಿಮ್ ಮಾಡಿಸಿಕೊಳ್ಳಿ, ಅಲ್ಲೇ ವೋಲ್ಟೆಯನ್ನೂ (4ಜಿಯಲ್ಲೇ ಕರೆ ಮಾಡುವ ಸೌಲಭ್ಯ) ಶುರು ಮಾಡಿಸಿ. ಸಿಮ್ ಬದಲಾದ ಮೇಲೆ 24 ತಾಸು ಎಸ್‌ಎಂಎಸ್ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಬ್ಯಾಂಕಿನ ಒಟಿಪಿ ಬೇಕಾಗುವ ದಿನ, ವ್ಯಾಪಾರಿಯಿಂದ ದುಡ್ಡು ಬರುವ ದಿನ ಈ ಕೆಲಸ ಇಟ್ಟುಕೊಳ್ಳಬೇಡಿ.

ಇನ್ನು ಕಾರ್ಡಿನ ಮಾತು. ‘ಹೈಬ್ರಿಡ್’ ಎಂದರೆ ಎರಡನೇ ಸಿಮ್ ಇಲ್ಲವೇ ಮೆಮರಿ ಕಾರ್ಡ್, ಎರಡರಲ್ಲಿ ಒಂದು ಮಾತ್ರ. ಅಂಗಡಿಯವರ ಮಾತು ಕೇಳಿ ಬಿಡಬೇಡಿ, ಪಿನ್ ಚುಚ್ಚಿ ಟ್ರೇ ಹೊರಗೆ ತೆಗೆಸಿ. ಮೂರಕ್ಕೂ ಬೇರೆ ಬೇರೆ ಗುಳಿ ಇದ್ದರೆ ಸರಿ. ಅಂಥದ್ದು ಸಿಗದಿದ್ದರೆ 128 ಜಿಬಿಯ ಫೋನ್ ತೆಗೆದುಕೊಂಡು ಕಾರ್ಡನ್ನೇ ಮರೆಯುವುದು ವಾಸಿ.

ಉಳಿದದ್ದು ಬೇಗ ಹೇಳುತ್ತೇವೆ: ನಿಜವಾದ ರ‍್ಯಾಮ್ 4 ಜಿಬಿಗಿಂತ ಕಡಿಮೆ ಬೇಡ, 6 ಇದ್ದರೆ ಉತ್ತಮ; ಬ್ಯಾಟರಿ 5000 ಎಂಎಎಚ್. ಅಪ್‌ಡೇಟ್ ಎಷ್ಟು ವರ್ಷ ಎಂದು ಕೇಳಲೇಬೇಕು. 2025ರ ಫೆಬ್ರವರಿಯಲ್ಲಿ ಬಂದ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಫ್06 5ಜಿ ಹತ್ತು ಸಾವಿರದ ಆಸುಪಾಸಿನಲ್ಲೇ ನಾಲ್ಕು ವರ್ಷದ ಭದ್ರತಾ ಅಪ್‌ಡೇಟ್ ಕೊಡುವ ಮಾತು ಕೊಟ್ಟಿತು. ಫೋನಿನಲ್ಲೇ ಬ್ಯಾಂಕ್ ವ್ಯವಹಾರ ಮಾಡುವವರು ಅದನ್ನೇ ಅಳತೆಗೋಲಾಗಿ ಇಟ್ಟುಕೊಂಡು ಉಳಿದವನ್ನು ತೂಗಿ ನೋಡಿ. ಪರದೆಯನ್ನು ಅಂಗಡಿಯ ಬೆಳಕಿನಲ್ಲಿ ನೋಡಿದರೆ ಏನೂ ತಿಳಿಯದು. ಬಾಗಿಲ ಹೊರಗೆ, ಬಿಸಿಲಿನಲ್ಲಿ ಹಿಡಿದು ಒಂದು ಮೆಸೇಜ್ ಓದಿ.

ಬಿಲ್ ಮಾಡಿಸುವ ಮುಂಚೆ ಪ್ರದರ್ಶನಕ್ಕಿಟ್ಟ ಫೋನಿಗೆ ನಿಮ್ಮ ಎರಡೂ ಸಿಮ್ ಹಾಕಿಸಿ. ಒಂದೊಂದರಿಂದಲೂ ಕರೆ ಮಾಡಿ. ಕರೆ ನಡೆದಿರುವಾಗ ಮೇಲೆ ವೋಲ್ಟೆ ಗುರುತು ಉಳಿಯಬೇಕು. ಅದು ಹೋಗಿ 2ಜಿ ಅಥವಾ 3ಜಿ ಬಂದರೆ ಆ ಫೋನಿನಲ್ಲಿ ಆ ಕಂಪನಿಯ ವೋಲ್ಟೆ ಆನ್ ಆಗಿಲ್ಲ ಅಥವಾ ಹೊಂದುತ್ತಿಲ್ಲ ಎಂದರ್ಥ.

ಒಂದ್ ಸಿಮ್ಮಿನ್ಯಾಗ ಮಾತಾಡೂ ಮುಂದ ಇನ್ನೊಂದಕ್ಕ ಯಾರರ ಫೋನ್ ಹಚ್ಚಿದ್ರ ‘ಸ್ವಿಚ್ ಆಫ್’ ಅಂತ ಬರತೈತಿ. ಸೀರಿ ಆರ್ಡರ್ ಎಲ್ಲಾ ಎರಡನೇ ನಂಬರಿಗೇ ಬರತಾವ. ಫೋನ್ ಕೆಟ್ಟೈತೇನ್ರಿ?
– ಮಗ್ಗದ ಮಾಲೀಕರು, ಬನಹಟ್ಟಿ

ಕೆಟ್ಟಿಲ್ಲ. ಈ ಬೆಲೆಯ ಫೋನುಗಳಲ್ಲಿ ಸಿಮ್ ಎರಡಿದ್ದರೂ ಟವರಿನೊಡನೆ ಮಾತಾಡುವ ರೇಡಿಯೋ ಒಂದೇ. ಸುಮ್ಮನಿರುವಾಗ ಅದು ಎರಡು ನೆಟ್‌ವರ್ಕಿನ ಕಡೆಗೂ ಸರದಿಯಂತೆ ಕಿವಿಗೊಡುತ್ತದೆ; ಒಂದರಲ್ಲಿ ಮಾತು ಶುರುವಾದರೆ ಪೂರ್ತಿ ಅದಕ್ಕೇ ಅಂಟಿಕೊಳ್ಳುತ್ತದೆ. ಆಗ ಇನ್ನೊಂದು ನಂಬರ್ ಟವರಿನ ಪಾಲಿಗೆ ಇಲ್ಲವೇ ಇಲ್ಲ. ಆ ಅವಧಿಯಲ್ಲಿ ಹಚ್ಚಿದ ಗಿರಾಕಿಗೆ ‘ಬ್ಯುಸಿ’ ಎಂದಾದರೂ ಕೇಳಿಸಿದ್ದರೆ ಮತ್ತೆ ಹಚ್ಚುತ್ತಿದ್ದರು. ‘ಸ್ವಿಚ್ ಆಫ್’ ಎಂದು ಕೇಳಿದವರು ಬೇರೆಯವರಿಗೆ ಆರ್ಡರ್ ಕೊಡುತ್ತಾರೆ. ನಿಮ್ಮ ಕಳವಳ ನ್ಯಾಯವಾದದ್ದೇ.

ಪರಿಹಾರ ಇದೆ, ಹೊಸ ಫೋನ್ ಬೇಕಿಲ್ಲ. ಫೋನ್ ಹಚ್ಚುವ ಆ್ಯಪ್ ತೆರೆದು ಸೆಟ್ಟಿಂಗ್ಸ್, ಅಲ್ಲಿ ಕಾಲ್ ಫಾರ್ವರ್ಡಿಂಗ್‌ಗೆ ಹೋಗಿ. ಎರಡನೇ ಸಿಮ್ ಆರಿಸಿ, ‘ಸಂಪರ್ಕಕ್ಕೆ ಸಿಗದಿದ್ದಾಗ’ ಎಂಬಲ್ಲಿ ಮಾತ್ರ ಮೊದಲ ಸಿಮ್ಮಿನ ನಂಬರ್ ಕೊಡಿ. ‘ಯಾವಾಗಲೂ’ ಎಂಬುದನ್ನು ಮುಟ್ಟಬೇಡಿ, ಮುಟ್ಟಿದರೆ ಎರಡನೇ ನಂಬರ್ ಎಂದೂ ರಿಂಗ್ ಆಗುವುದಿಲ್ಲ. ಮೊದಲ ಸಿಮ್ಮಿನಲ್ಲಿ ಕಾಲ್ ವೇಟಿಂಗ್ ಆನ್ ಮಾಡಿ. ಇದನ್ನು ತಿರುಗುಮುರುಗಾಗಿ ಇನ್ನೊಂದು ಸಿಮ್ಮಿಗೂ ಮಾಡಿ. ಇನ್ನು ಮುಂದೆ ಮಾತಾಡುವಾಗ ಇನ್ನೊಂದು ನಂಬರಿನ ಕರೆ ‘ಟಿಕ್ ಟಿಕ್’ ಎಂದು ಒಳಗೆ ಬರುತ್ತದೆ. ಹೀಗೆ ತಿರುಗಿದ ಕರೆ ತಿರುಗಿಸಿದ ಸಿಮ್ಮಿನ ಹೊರಹೋಗುವ ಕರೆಯ ಲೆಕ್ಕಕ್ಕೆ ಸೇರುತ್ತದೆ. ಅದರಲ್ಲಿ ಚಾಲ್ತಿ ಪ್ಯಾಕ್ ಇರಲೇಬೇಕು.

ನಕ್ಷತ್ರ, ಅಂಕಿ ಒತ್ತಿ ಫಾರ್ವರ್ಡ್ ಮಾಡುವ ಹಳೆಯ ಪದ್ಧತಿಯನ್ನು ವಂಚನೆ ತಡೆಯಲು ದೂರಸಂಪರ್ಕ ಇಲಾಖೆ 2024ರ ಏಪ್ರಿಲ್ 15ರಿಂದ ನಿಲ್ಲಿಸಲು ಹೇಳಿದೆ. ಫೋನಿನಲ್ಲಿ ಯಾರಾದರೂ ‘ಸ್ಟಾರ್ ಒತ್ತಿ, ಈ ನಂಬರ್ ಒತ್ತಿ’ ಎಂದರೆ ಒತ್ತಬೇಡಿ. ಒಟಿಪಿಯ ಕರೆಗಳು ಅವರಿಗೆ ಹೋಗುತ್ತವೆ.

ಒಂಬತ್ತು ಸಾವಿರದ 5ಜಿ ಫೋನ್. ಜಿಯೋ ಸಿಮ್ಮಿಗೆ 5ಜಿ ಬರುತ್ತದೆ, ಅಪ್ಪಾಜಿಯ ಏರ್‌ಟೆಲ್ ಸಿಮ್ಮಿಗೆ 4ಜಿ ದಾಟುವುದಿಲ್ಲ. ಪಕ್ಕದ ಮನೆಯಲ್ಲಿ ಏರ್‌ಟೆಲ್ 5ಜಿ ಇದೆ. ಜೊತೆಗೆ ಕಾಗಲ್ ಕಡೆ ಹೋದರೆ ಒಂದು ಸಿಮ್ಮಿನ ನೆಟ್ ನಿಂತೇ ಹೋಗುತ್ತದೆ.
– ಕಾಲೇಜು ವಿದ್ಯಾರ್ಥಿನಿ, ನಿಪ್ಪಾಣಿ

5ಜಿಯಲ್ಲಿ ಎರಡು ಬಗೆ. ಜಿಯೋದ್ದು ತನ್ನ ಕಾಲಮೇಲೆ ತಾನೇ ನಿಂತದ್ದು, ಅದಕ್ಕೆ ಎಸ್‌ಎ ಎನ್ನುತ್ತಾರೆ. ಏರ್‌ಟೆಲ್ ಮುಖ್ಯವಾಗಿ 4ಜಿಯ ಆಸರೆಯಲ್ಲಿ 5ಜಿ ಕೊಡುತ್ತದೆ, ಅದು ಎನ್‌ಎಸ್‌ಎ. ತೀರ ಅಗ್ಗದ ಕೆಲವು ಫೋನುಗಳಲ್ಲಿ ಎಸ್‌ಎ ಮಾತ್ರ ಇದೆ. ರೆಡ್ಮಿ ಎ4 5ಜಿ ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ. ಇದು ಚಿಪ್ಪಿನ ಮಿತಿ, ಸೆಟ್ಟಿಂಗ್ ಬದಲಿಸಿದರೂ ಸರ್ವಿಸ್ ಸೆಂಟರಿಗೆ ಒಯ್ದರೂ ಸರಿಹೋಗುವುದಿಲ್ಲ. ವಿವರಪಟ್ಟಿಯಲ್ಲಿ ‘ಎಸ್‌ಎ/ಎನ್‌ಎಸ್‌ಎ’ ಎಂದು ಎರಡೂ ಬರೆದಿರಬೇಕಿತ್ತು. 4ಜಿ ವೇಗದಲ್ಲಿ ಅಪ್ಪಾಜಿಯ ಕೆಲಸ ನಡೆಯುತ್ತಿದ್ದರೆ ಈ ಒಂದೇ ಕಾರಣಕ್ಕೆ ಫೋನ್ ಬದಲಿಸಬೇಡಿ.

ಕಾಗಲ್ ಕಡೆಗೆ ಹೋದಾಗ ಫೋನ್ ಮಹಾರಾಷ್ಟ್ರ ಸರ್ಕಲ್ಲಿನ ಟವರ್ ಹಿಡಿಯುತ್ತದೆ. ಕೆಲವು ಫೋನುಗಳು ಇದನ್ನು ರೋಮಿಂಗ್ ಎಂದೇ ಎಣಿಸಿ ನೆಟ್ ನಿಲ್ಲಿಸುತ್ತವೆ. ‘ಡೇಟಾ ರೋಮಿಂಗ್’ ಎಂಬ ಸ್ವಿಚ್ ಪ್ರತಿ ಸಿಮ್ಮಿಗೂ ಬೇರೆ ಇರುತ್ತದೆ. ನೀವು ಒಂದಕ್ಕೆ ಮಾತ್ರ ಆನ್ ಮಾಡಿರಬೇಕು. ಅಥಣಿ, ಚಡಚಣ, ಖಾನಾಪುರ ಗಡಿಯವರಿಗೂ ಇದೇ ಉತ್ತರ.

ಎರಡನೇ ನಂಬರ್ ಬ್ಯಾಂಕಿಗೆ ಮತ್ತು ಪಿಂಚಣಿಗೆ ಮಾತ್ರ. ಅದಕ್ಕೂ ತಿಂಗಳು ತಿಂಗಳು ರೀಚಾರ್ಜ್ ಮಾಡಲೇಬೇಕೆ? ಫೋನ್‌ಪೇ ಹೊಸ ಫೋನಿನಲ್ಲಿ ‘ಎಸ್‌ಎಂಎಸ್ ಕಳಿಸಲಾಗಲಿಲ್ಲ’ ಎನ್ನುತ್ತಿದೆ.
– ನಿವೃತ್ತ ಶಿಕ್ಷಕರು, ಅಥಣಿ

ಗುರುಗಳೇ, ನಂಬರ್ ಉಳಿಯುವುದು ಬೇರೆ, ಸೇವೆ ಉಳಿಯುವುದು ಬೇರೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮದಂತೆ 90 ದಿನ ಯಾವ ಬಳಕೆಯೂ ಇಲ್ಲದಿದ್ದರೆ ಮಾತ್ರ ಪ್ರಿಪೇಯ್ಡ್ ನಂಬರ್ ರದ್ದು ಮಾಡಬಹುದು; ಖಾತೆಯಲ್ಲಿ 20 ರೂಪಾಯಿ ಇದ್ದರೆ ಆಗಲೂ ಉಳಿಸಿಕೊಳ್ಳಬಹುದು. ಆದರೆ ಪ್ಯಾಕ್ ಮುಗಿದರೆ ಹೊರಹೋಗುವ ಎಸ್‌ಎಂಎಸ್ ನಿಲ್ಲುತ್ತದೆ, ಕೆಲವು ದಿನಗಳಲ್ಲಿ ಒಳಬರುವುದೂ ನಿಲ್ಲಬಹುದು. ಒಟಿಪಿ ಬಾರದ ನಂಬರ್ ಉಳಿದರೆಷ್ಟು ಬಿಟ್ಟರೆಷ್ಟು?

2024ರ ಡಿಸೆಂಬರಿನಲ್ಲಿ ಟ್ರಾಯ್ ತಂದ ತಿದ್ದುಪಡಿಯಿಂದ ಡೇಟಾ ಇಲ್ಲದ, ಮಾತು ಮತ್ತು ಎಸ್‌ಎಂಎಸ್‌ನ ಪ್ಯಾಕನ್ನು ಕಂಪನಿಗಳು ಕೊಡಲೇಬೇಕು. ಅದರ ಅವಧಿ 365 ದಿನದವರೆಗೂ ಇರಬಹುದು. ಅಂಗಡಿಯಲ್ಲಿ ಅದನ್ನೇ ಹೆಸರಿಟ್ಟು ಕೇಳಿ, ತಾವಾಗಿ ಹೇಳುವವರು ಕಡಿಮೆ.

ಫೋನ್‌ಪೇ ತೊಂದರೆಗೂ ಕಾರಣ ಇದೇ. ನೋಂದಣಿಯಾಗುವಾಗ ಬ್ಯಾಂಕಿನ ಸಿಮ್ಮಿನಿಂದ ಒಂದು ಎಸ್‌ಎಂಎಸ್ ಹೊರಗೆ ಹೋಗಬೇಕು. ಆ ಸಿಮ್ಮಿಗೆ ಎಸ್‌ಎಂಎಸ್ ಇರುವ ಪ್ಯಾಕ್ ಹಾಕಿಸಿ, ಆ್ಯಪ್ ಯಾವ ಸಿಮ್ ಎಂದು ಕೇಳಿದಾಗ ಅದನ್ನೇ ಆರಿಸಿ, ಎಸ್‌ಎಂಎಸ್ ಅನುಮತಿ ಕೊಡಿ. ಇಂಟರ್‌ನೆಟ್ ಮೊದಲ ಸಿಮ್ಮಿನದೇ ಇದ್ದರೂ ಅಡ್ಡಿಯಿಲ್ಲ.

ಹಳೇ ದೊಡ್ಡ ಸಿಮ್ ಕತ್ತರಿಸಿ ಹಾಕಿದೆ, ಈಗ ಟ್ರೇ ಹೊರಗೆ ಬರುತ್ತಿಲ್ಲ.
– ಇಳಕಲ್

ಜಗ್ಗಬೇಡಿ. ನ್ಯಾನೋ ಸಿಮ್ 12.3 ಮಿ.ಮೀ. ಉದ್ದ, 8.8 ಮಿ.ಮೀ. ಅಗಲ, 0.67 ಮಿ.ಮೀ. ದಪ್ಪ. ಹಳೆಯ ಸಿಮ್ ಇದಕ್ಕಿಂತ ದಪ್ಪ, ಕತ್ತರಿಸಿದ ಅಂಚೂ ಒರಟು. ಒಳಗಿನ ಸ್ಪ್ರಿಂಗ್ ಹಲ್ಲುಗಳಿಗೆ ಸಿಕ್ಕಿಕೊಂಡಿದೆ. ಬಲವಾಗಿ ಎಳೆದರೆ ಹಲ್ಲು ಮುರಿದು ಆ ಸ್ಲಾಟನ್ನೇ ಬದಲಿಸಬೇಕಾಗುತ್ತದೆ. ಫೋನ್ ಆಫ್ ಮಾಡಿ ರಿಪೇರಿಯವರಲ್ಲಿಗೆ ಒಯ್ಯಿರಿ, ತೆಳು ಪ್ಲಾಸ್ಟಿಕ್ ಪಟ್ಟಿ ತೂರಿಸಿ ಹಲ್ಲುಗಳನ್ನು ಒತ್ತಿ ಹಿಡಿದು ತೆಗೆಯುತ್ತಾರೆ. ಆಮೇಲೆ ನ್ಯಾನೋ ಸಿಮ್ ಮಾಡಿಸಿಕೊಳ್ಳಿ.

ಪೆಟ್ಟಿಗೆಯ ಮೇಲೆ 8 ಜಿಬಿ ರ‍್ಯಾಮ್ ಎಂದಿದೆ, ಕೆಳಗೆ ಸಣ್ಣದಾಗಿ 4+4.
– ಮುದ್ದೇಬಿಹಾಳ

ನಿಮ್ಮದು 4 ಜಿಬಿಯ ಫೋನ್. ಉಳಿದ 4 ಎಂದರೆ ಫೋಟೋ ಇಡುವ ಜಾಗದಿಂದಲೇ ಎರವಲು ತಂದದ್ದು. ನಿಜವಾದ ರ‍್ಯಾಮ್‌ಗಿಂತ ಬಹಳ ನಿಧಾನ. ಅದಕ್ಕೆ ಬೆಲೆ ಕಟ್ಟಬೇಡಿ.

ಎರಡನೇ ಸಿಮ್ ಹಾಕಿದಾಗಿನಿಂದ ಬ್ಯಾಟರಿ ಸಂಜೆಗೇ ಮುಗಿಯುತ್ತದೆ. ನಮ್ಮದು ಕಾಡಂಚಿನ ಊರು.
– ಖಾನಾಪುರ ತಾಲ್ಲೂಕು

ಎರಡನೇ ಸಿಮ್ಮಿನಿಂದಲ್ಲ, ಅದಕ್ಕೆ ಸಿಗ್ನಲ್ ಸಿಗದಿರುವುದರಿಂದ. ಟವರ್ ಸಿಗದ ಸಿಮ್ಮಿಗಾಗಿ ಫೋನ್ ಮತ್ತೆ ಮತ್ತೆ ಹುಡುಕುತ್ತದೆ. ಸಿಕ್ಕ ಟವರ್ ದೂರವಿದ್ದರೆ ಹೆಚ್ಚು ಶಕ್ತಿ ಹಾಕಿ ಕೂಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ‘ಫೋನ್ ಬಗ್ಗೆ’, ಅಲ್ಲಿ ಸಿಮ್ ಸ್ಥಿತಿ ತೆರೆದರೆ ಸಿಗ್ನಲ್ ಬಲ ಹೇಳುವ ಡಿಬಿಎಂ ಎಂಬ ಅಂಕಿ ಕಾಣುತ್ತದೆ. 4ಜಿಯಲ್ಲಿ ಮೈನಸ್ 90ರ ಹತ್ತಿರವಿದ್ದರೆ ಚೆನ್ನ, ಮೈನಸ್ 110 ದಾಟಿದರೆ ಕಷ್ಟ, 120ಕ್ಕೆ ಕಡಿಯುತ್ತದೆ. ಊರಲ್ಲಿರುವಾಗ ಆ ಸಿಮ್ಮನ್ನು ಸೆಟ್ಟಿಂಗ್ಸ್‌ನಲ್ಲೇ ಆಫ್ ಮಾಡಿ, ಬೆಳಗಾವಿಗೆ ಬಂದಾಗ ಆನ್ ಮಾಡಿ, ತೆಗೆಯಬೇಕಿಲ್ಲ. ಮನೆಯಲ್ಲಿ ವೈಫೈ ಇದ್ದರೆ ವೈಫೈ ಕಾಲಿಂಗ್ ಆನ್ ಮಾಡಿ ನೋಡಿ.

ಬಳಸಿದ ಫೋನ್ ಕೊಳ್ಳುವಾಗ ಏನು ನೋಡಬೇಕು?
– ನವನಗರ, ಬಾಗಲಕೋಟೆ

*#06# ಒತ್ತಿ. ಎರಡು ಸಿಮ್ಮಿನ ಫೋನಿಗೆ 15 ಅಂಕಿಯ ಐಎಂಇಐ (ಫೋನಿನ ಗುರುತಿನ ಸಂಖ್ಯೆ) ಎರಡು ಬರಬೇಕು, ಎರಡೂ ಬಿಲ್ಲಿಗೆ ಹೊಂದಬೇಕು. ಇಂಗ್ಲಿಷಿನಲ್ಲಿ ಕೆವೈಎಂ ಎಂದು ಬರೆದು, ಜಾಗ ಬಿಟ್ಟು ಐಎಂಇಐ ಹಾಕಿ 14422ಕ್ಕೆ ಎಸ್‌ಎಂಎಸ್ ಮಾಡಿ. ಒಂದೊಂದನ್ನೂ ಬೇರೆಯಾಗಿ ಕಳಿಸಿ. ಉತ್ತರದಲ್ಲಿ ಬ್ಲ್ಯಾಕ್‌ಲಿಸ್ಟ್ ಅಥವಾ ಡುಪ್ಲಿಕೇಟ್ ಎಂದು ಬಂದರೆ ಅರ್ಧ ಬೆಲೆಗೆ ಕೊಟ್ಟರೂ ಬೇಡ. ಕದ್ದ ಮಾಲು ನಿಮ್ಮ ಕೈಯಲ್ಲಿ ಸಿಕ್ಕಂತಾಗುತ್ತದೆ. ಜಿಯೋ ಸಿಮ್ಮನ್ನು ಎರಡೂ ಸ್ಲಾಟಿನಲ್ಲಿ ಹಾಕಿ ನೋಡಿ. 2016–18ರ ಸುಮಾರಿನ ಹಲವು ಫೋನುಗಳಲ್ಲಿ ಒಂದೇ ಸಿಮ್ಮಿಗೆ 4ಜಿ, ಇನ್ನೊಂದಕ್ಕೆ 2ಜಿ. 2ಜಿ ಇಲ್ಲದ ಜಿಯೋ ಅಲ್ಲಿ ಸತ್ತಂತೆ. ಮಾರುವವರು ತಮ್ಮ ಗೂಗಲ್ ಖಾತೆಯನ್ನು ನಿಮ್ಮ ಎದುರಿಗೇ ತೆಗೆದು, ಆಮೇಲೆ ಸೆಟ್ಟಿಂಗ್ಸ್‌ನಿಂದ ರೀಸೆಟ್ ಮಾಡಿಕೊಡಲಿ. ಖಾತೆ ತೆಗೆಯದೆ ಬಟನ್ ಒತ್ತಿ ರೀಸೆಟ್ ಮಾಡಿದರೆ ಫೋನ್ ಅವರ ಪಾಸ್‌ವರ್ಡ್ ಕೇಳುತ್ತಾ ಕೂರುತ್ತದೆ. ಹೊಸದಾಗಿ ತೆರೆದುಕೊಂಡ ಮೇಲೆಯೇ ದುಡ್ಡು ಕೊಡಿ.